ಮುಸುಕಿನ ಜೋಳದ ನಾಡಿನಲ್ಲಿ ವಾಲಿಬಾಲ್

ನಮ್ಮ ಕರಾವಳಿಯಲ್ಲಿ ಬಯಲಾಟದ ಮೇಳ ತಿರುಗಾಟಕ್ಕೆ ಹೊರಟಿತೆಂದರೆ ಅದರ ಬೆನ್ನಿಗೇ ಊರಿಂದೂರಿಗೆ ಸಾಗುವ ಕೆಲವು ರಸಿಕರನ್ನು ನೀವು ಕಂಡಿರಬಹುದು. ಪ್ರಸಂಗ ಅವರಿಗೆ ಬಾಯಿಪಾಠ. ಯಾವ ವೇಷಧಾರಿ ಯಾವ ಪದಕ್ಕೆ ಹೇಗೆ ಕುಣಿದಾನೆಂಬುದೂ ಗೊತ್ತು. ಆದರೂ ನಾಳೆಯ ಆಟಕ್ಕೆ ಇವರು ಹಾಜರು. ಇಂಥದೇ ರಸಿಕತೆ ಕಾಲೇಜು ಹುಡುಗಿಯರ ಒಂದು ವಾಲಿಬಾಲ್ ತಂಡದ ಸುತ್ತ ಬೆಳೆದು ನಿಂತಿರುವ ಬಗೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಸ್ಥಳ, ಅಮೆರಿಕದ ನಡುನಾಡಾದ ನೆಬ್ರಾಸ್ಕ ರಾಜ್ಯ. ತಂಡ, ಅಲ್ಲಿನ ಲಿಂಕನ್ ನಗರದ ವಿಶ್ವವಿದ್ಯಾನಿಲಯದ್ದು.

ನೆಬ್ರಾಸ್ಕ ಬಹುಮಟ್ಟಿಗೆ ಬಯಲು. ಇಪ್ಪತ್ತು ಲಕ್ಷದ ಆಸುಪಾಸಿನ ಜನ, ಕಣ್ಣು ಹಾಯುವವರೆಗೂ ಮುಸುಕಿನ ಜೋಳ. ವಿಶ್ವವಿದ್ಯಾನಿಲಯದ ತಂಡಗಳಿಗೆ ಹಸ್ಕರ್ಸ್ ಎಂಬ ಹೆಸರು ಬಂದದ್ದೂ ಜೋಳದಿಂದಲೇ. ತೆನೆಯ ಮುಸುಕು ಸುಲಿಯುವವರು ಎಂದು ಅದರ ಅರ್ಥ. ಫುಟ್‌ಬಾಲ್, ಬೇಸ್‌ಬಾಲ್, ಬಾಸ್ಕೆಟ್‌ಬಾಲ್‌ಗಳ ದೊಡ್ಡ ವೃತ್ತಿಪರ ತಂಡ ಒಂದೂ ಆ ರಾಜ್ಯದಲ್ಲಿಲ್ಲ. ಆದುದರಿಂದ ಅಲ್ಲಿನವರ ಅಭಿಮಾನವೆಲ್ಲ ವಿಶ್ವವಿದ್ಯಾನಿಲಯದ ಅಂಗಳಕ್ಕೇ ಹರಿಯುತ್ತದೆ. ಅದು ಬಹುಕಾಲ ಗಂಡಸರ ಫುಟ್‌ಬಾಲಿನ ಕಡೆಗೆ ಮಾತ್ರ ಹರಿಯಿತು. ಹೆಣ್ಣುಮಕ್ಕಳ ವಾಲಿಬಾಲಿನ ಕಡೆಗೂ ತಿರುಗಿದ್ದು ಒಂದು ದಿನದಲ್ಲಾದ ಕೆಲಸವಲ್ಲ.

ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಮಸಾಚುಸೆಟ್ಸ್ ರಾಜ್ಯದ ಹೋಲಿಯೋಕ್ ಎಂಬ ಊರಿನಲ್ಲಿ. ವೈ.ಎಂ.ಸಿ.ಎ. ಸಂಸ್ಥೆಯ ವಿಲಿಯಂ ಮಾರ್ಗನ್ ಎಂಬಾತ ಮೈಮುರಿಯುವ ಆಟಗಳನ್ನು ತಾಳಲಾರದ ನಡುವಯಸ್ಸಿನ ಗೃಹಸ್ಥರಿಗೆಂದು ಅದನ್ನು ರೂಪಿಸಿದ. ನಮ್ಮ ದೇಶಕ್ಕೂ ಅದು ಬಂದದ್ದು ಅದೇ ಸಂಸ್ಥೆಯ ಕೈಹಿಡಿದೇ. ಎರಡು ಕಂಬ, ಒಂದು ಬಲೆ, ಒಂದು ಚೆಂಡು ಇದ್ದರಾಯಿತು. ನಮ್ಮ ಹಳ್ಳಿಗಳ ಶಾಲಾ ಬಯಲುಗಳಲ್ಲಿ ಅದು ಬೇರೂರಲು ಬೇರೆ ಕಾರಣ ಬೇಕಿರಲಿಲ್ಲ. ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಆಟದ ಅಂಗಳ ತೆರೆದದ್ದಕ್ಕೆ ಮಾತ್ರ 1972ರ ಕಾಯಿದೆಯೊಂದು ಕಾರಣ. ಕೇಂದ್ರ ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆ ಹೆಣ್ಣು ಗಂಡೆಂದು ಭೇದವೆಣಿಸಕೂಡದು ಎಂದು ಅದು ವಿಧಿಸಿತು. ಕಾಯಿದೆಯ ಮಾತಿನಲ್ಲಿ ಆಟವೆಂಬ ಪದವೇ ಇರಲಿಲ್ಲ. ಆದರೆ ಆಟಕ್ಕೆ ಆದಷ್ಟು ಉಪಕಾರ ಬೇರಾವುದಕ್ಕೂ ಆಗಿರಲಾರದು.

ನೆಬ್ರಾಸ್ಕದ ಹುಡುಗಿಯರ ತಂಡ 1975ರಲ್ಲಿ ಕಣಕ್ಕಿಳಿಯಿತು. 1977ರಲ್ಲಿ ಟೆರಿ ಪೆಟಿಟ್ ಎಂಬುವರು ತರಬೇತುದಾರರಾಗಿ ಬಂದರು. ಈತ ಇಂಗ್ಲಿಷ್ ಅಧ್ಯಾಪಕ, ಕವಿತೆ ಬರೆಯುವವರು. ಸಾಹಿತ್ಯದ ಮೇಷ್ಟರಿಗೂ ವ್ಯಾಯಾಮದ ಮೇಷ್ಟರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂದು ನಂಬಿರುವ ನಮಗೆ ಇದು ತುಸು ಸೋಜಿಗವೇ. ಪೆಟಿಟ್ ಇಪ್ಪತ್ತಮೂರು ಹಂಗಾಮು ಅಲ್ಲಿದ್ದರು. ಆಟ ಹುಟ್ಟಿ ನೂರು ವರ್ಷ ತುಂಬಿದ 1995ರಲ್ಲಿ, ಆಟ ಹುಟ್ಟಿದ ಮಸಾಚುಸೆಟ್ಸ್ ರಾಜ್ಯದಲ್ಲೇ, ಅವರ ತಂಡ ಟೆಕ್ಸಸ್ಸನ್ನು ಸೋಲಿಸಿ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಅವರ ತರುವಾಯ ಬಂದ ಜಾನ್ ಕುಕ್ ಮೊದಲ ವರ್ಷವೇ, 2000ದಲ್ಲಿ, ಒಂದೂ ಪಂದ್ಯ ಸೋಲದೆ ಪ್ರಶಸ್ತಿ ತಂದರು. ಮುಂದೆ 2006, 2015, 2017ರಲ್ಲಿ ಮತ್ತೆ ಗೆಲುವು.

ಆದರೆ ಗೆಲುವಿನ ಪಟ್ಟಿಗಿಂತ ಟಿಕೆಟ್ಟಿನ ಲೆಕ್ಕ ನನ್ನ ಮಟ್ಟಿಗೆ ಹೆಚ್ಚು ಕುತೂಹಲದ್ದು. 2001ರಿಂದೀಚೆಗೆ, ಸಾಂಕ್ರಾಮಿಕದ ಹಂಗಾಮನ್ನು ಲೆಕ್ಕದಿಂದ ಬಿಟ್ಟರೆ, ಲಿಂಕನ್ನಿನಲ್ಲಿ ಹಂಗಾಮಿನ ಯಾವ ಪಂದ್ಯಕ್ಕೂ ಟಿಕೆಟ್ ಉಳಿದದ್ದಿಲ್ಲ. ಮುನ್ನೂರಕ್ಕೂ ಮಿಕ್ಕು ಪಂದ್ಯಗಳು! ಮೊದಲು ನಾಲ್ಕು ಸಾವಿರ ಜನ ಹಿಡಿಸುವ ಹಳೆಯ ಕಟ್ಟಡದಲ್ಲಿ ಆಟ ನಡೆಯುತ್ತಿತ್ತು. 2013ರಲ್ಲಿ ಅದಕ್ಕೆ ಇಮ್ಮಡಿ ಹಿಡಿಸುವ ಒಳಾಂಗಣಕ್ಕೆ ತಂಡ ಸ್ಥಳಾಂತರಗೊಂಡಿತು. ಜನ ಚೆದುರಿ ಕಂಡಾರೆಂದು ಅಂಜಿದವರಿದ್ದರೆ ಅವರ ಅಂಜಿಕೆ ಸುಳ್ಳಾಯಿತು, ಅದೂ ತುಂಬಿತು.

2023ರ ಆಗಸ್ಟ್ 30ರಂದು ನಡೆದುದು ಇನ್ನೂ ದೊಡ್ಡ ಸಂಗತಿ. ಅಂದು ಫುಟ್‌ಬಾಲ್ ಕ್ರೀಡಾಂಗಣದ ನಡುವೆ, ಬಯಲಿನಲ್ಲಿ, ವಾಲಿಬಾಲ್ ಅಂಕಣ ಹಾಸಿ ಪಂದ್ಯವಾಡಿಸಿದರು. ಎದುರಾಳಿ ಅದೇ ರಾಜ್ಯದ ಒಮಾಹ ತಂಡ. ನೆರೆದವರು 92,003 ಮಂದಿ. ಮಹಿಳೆಯರ ಕ್ರೀಡಾಸ್ಪರ್ಧೆಯೊಂದಕ್ಕೆ ಜಗತ್ತಿನಲ್ಲೇ ಅಷ್ಟು ಜನ ಸೇರಿದ್ದಿಲ್ಲವೆಂದು ಪತ್ರಿಕೆಗಳು ಬರೆದವು. 1971ರಲ್ಲಿ ಮೆಕ್ಸಿಕೋ ನಗರದಲ್ಲಿ ನಡೆದ ಮಹಿಳಾ ಫುಟ್‌ಬಾಲ್ ಪಂದ್ಯಕ್ಕೆ ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರೆಂದು ಬಲ್ಲವರು ಆಕ್ಷೇಪಿಸುತ್ತಾರೆ. ಆ ಪಂದ್ಯಾವಳಿಗೆ ಅಧಿಕೃತ ಮುದ್ರೆ ಇರಲಿಲ್ಲವಾಗಿ ಲೆಕ್ಕದಿಂದ ಹೊರಗುಳಿಯಿತು. ದಾಖಲೆಯ ಜಗಳ ಹಾಗಿರಲಿ. ಒಂದು ಸಂಜೆ ಲಕ್ಷ ಜನ ಕೂಡುವುದು ಜಾತ್ರೆಗೂ ಸಾಧ್ಯ. ಇಪ್ಪತ್ತು ವರ್ಷ ಪ್ರತಿ ಸಂಜೆಯೂ ಕುರ್ಚಿ ಖಾಲಿಯಿರದಂತೆ ಬಂದು ಕೂಡುವುದನ್ನು ನಾನು ದೊಡ್ಡದೆನ್ನುತ್ತೇನೆ.

ಹಂಗಾಮು ಎಂಬ ಮಾತನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಆಗಸ್ಟ್ ಕೊನೆಯಲ್ಲಿ, ಜೋಳ ಆಳೆತ್ತರ ಮೀರಿ ನಿಂತಿರುವಾಗ ಪಂದ್ಯಗಳ ಆರಂಭ. ಸೆಪ್ಟೆಂಬರ್ ಕೊನೆಗೆ ತಮ್ಮ ಒಕ್ಕೂಟದ ತಂಡಗಳೊಡನೆ ಸೆಣಸು ಮೊದಲು. ಹೊಲಗಳಲ್ಲಿ ಕೊಯ್ಲೂ ಆಗಲೇ. ನವೆಂಬರ್ ಕಳೆಯುವಾಗ ದೇಶದ 64 ತಂಡಗಳನ್ನು ಆರಿಸುತ್ತಾರೆ. ಅಲ್ಲಿಂದ ಮುಂದೆ ಒಮ್ಮೆ ಸೋತರೆ ಮನೆಗೆ. ಡಿಸೆಂಬರ್ ನಡುವಿಗೆ, ಬಯಲು ಬೋಳಾಗಿ ಹಿಮ ಬೀಳುವ ವೇಳೆಗೆ, ಅಂತಿಮ ಪಂದ್ಯ. ಪಂದ್ಯಗಳು ರಾಜ್ಯವಿಡೀ ಬಾನುಲಿಯಲ್ಲಿ ಬಿತ್ತರವಾಗುತ್ತವೆ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 700 ಕಿಲೋಮೀಟರ್ ಚಾಚಿಕೊಂಡ ನಾಡಿನಲ್ಲಿ ಎಲ್ಲರೂ ಲಿಂಕನ್ನಿಗೆ ಬರಲಾರರಷ್ಟೆ. ಕೊಯ್ಲಿನ ಯಂತ್ರದ ಗಾಜಿನ ಗೂಡಿನಲ್ಲಿ ಕುಳಿತವನಿಗೂ ಬಾನುಲಿ ಉಂಟು. ಬಾನುಲಿಯಲ್ಲಿ ಮಾತನಾಡುವವನಾಗಿ ಹೇಳುತ್ತೇನೆ: ಒಂದು ಉಸಿರಿನಲ್ಲಿ ಬಲೆಯ ಆಚೆಗೂ ಈಚೆಗೂ ನಾಲ್ಕು ಬಾರಿ ಹಾರುವ ಚೆಂಡನ್ನು ಮಾತಿನಲ್ಲಿ ಹಿಡಿಯುವುದು ಕ್ರಿಕೆಟ್ಟಿನ ವೀಕ್ಷಕ ವಿವರಣೆಯಂತೆ ನಿಧಾನದ ವಿದ್ಯೆಯಲ್ಲ.

ಈ ರಸಿಕರು ಏನನ್ನು ನೋಡುತ್ತಾರೆ? ಹೊಸಬನ ಕಣ್ಣು ಸ್ಮ್ಯಾಶಿನ ಮೇಲೆ, ಜಿಗಿದು ಹೊಡೆಯುವವಳ ತೋಳಿನ ಮೇಲೆ. ಪಳಗಿದವನ ಕಣ್ಣು ಅದಕ್ಕೂ ಎರಡು ಹೆಜ್ಜೆ ಹಿಂದೆ ಇರುತ್ತದೆ. ಒಂದು ತಂಡ ಮೂರು ಸ್ಪರ್ಶದೊಳಗೆ ಚೆಂಡನ್ನು ದಾಟಿಸಬೇಕು. ಮೊದಲ ಸ್ಪರ್ಶ, ಅಂದರೆ ಎದುರಾಳಿಯ ಸರ್ವೀಸನ್ನು ಮುಂಗೈಗಳ ಮೇಲೆ ಮೆತ್ತಗೆ ಇಳಿಸಿಕೊಂಡು ಲಿಫ್ಟ್ ಮಾಡುವವಳ ನೆತ್ತಿಗೆ ಕಳಿಸುವುದು, ಸರಿಯಾಯಿತೋ, ಆಕೆ ಮೂರು ದಿಕ್ಕಿನಲ್ಲಿ ಯಾವುದಕ್ಕಾದರೂ ಚೆಂಡೆತ್ತಬಲ್ಲಳು, ಎದುರಿನವರಿಗೆ ಊಹಿಸಲಾಗದು. ಅದು ಎರಡು ಮಾರು ತಪ್ಪಿತೋ, ಉಳಿದದ್ದು ಒಂದೇ ದಾರಿ, ಅಲ್ಲಿ ಆಗಲೇ ನಾಲ್ಕು ಕೈಗಳ ಗೋಡೆ. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಷ್ಟೇ ಆಡುವ ಲಿಬೆರೊ ಎಂಬ ಆಟಗಾರ್ತಿ ಈ ಮೊದಲ ಸ್ಪರ್ಶದ ಒಡತಿ. ಅವಳು ನೆಲಕ್ಕೊರಗಿ ಒಂದು ಚೆಂಡನ್ನು ಎತ್ತಿದಾಗ ಹಾಕುವ ಚಪ್ಪಾಳೆ ಪ್ರೇಕ್ಷಕನ ವಿದ್ಯೆಗೆ ಒರೆಗಲ್ಲು. ಸಹೃದಯ ಎಂಬ ಮಾತನ್ನು ನಮ್ಮ ಆಲಂಕಾರಿಕರು ಕಾವ್ಯಕ್ಕೆ ಕಟ್ಟಿಹಾಕಿದ್ದು ತುಸು ಜಿಪುಣತನವಾಯಿತೆಂದು ನನ್ನ ಅನಿಸಿಕೆ.

ಕಾಲೇಜು ತಂಡವನ್ನು ಹಚ್ಚಿಕೊಂಡವನಿಗೆ ಒಂದು ವಿಶೇಷ ಸಂಕಟ ಇದೆ. ಹದಿನೆಂಟರ ಹುಡುಗಿ ಬರುತ್ತಾಳೆ, ತಪ್ಪುತ್ತಾಳೆ, ತಿದ್ದಿಕೊಳ್ಳುತ್ತಾಳೆ; ಆಟ ಕೈಹತ್ತಿ ಅಂಕಣವೇ ತನ್ನದೆನ್ನುವಂತೆ ಓಡಾಡತೊಡಗಿದ ಮರುವರ್ಷ ಪದವಿ ಪಡೆದು ಹೊರಟೇಹೋಗುತ್ತಾಳೆ. ಪ್ರೇಕ್ಷಕ ಅಲ್ಲೇ, ಅದೇ ಕುರ್ಚಿಯಲ್ಲಿ. ನಾಲ್ಕು ವರ್ಷವಾದರೂ ಉಳಿಯುತ್ತಿದ್ದರೆಂಬ ಭರವಸೆಯೂ ಈಚೆಗೆ ಸಡಿಲಿದೆ. 2021ರಿಂದ ಆಟಗಾರ್ತಿ ಒಂದು ವರ್ಷ ಸುಮ್ಮನೆ ಕೂಡದೆಯೇ ಬೇರೊಂದು ವಿಶ್ವವಿದ್ಯಾನಿಲಯಕ್ಕೆ ಸೇರಿ ಆಡಬಹುದು. ಅದೇ ವರ್ಷದಿಂದ ತನ್ನ ಹೆಸರು ಚಿತ್ರಗಳಿಂದ ಹಣ ಗಳಿಸಲೂ ಬಹುದು. ಹಳಬರು ಇದನ್ನು ಹಳಿಯುತ್ತಾರೆ. ನನಗೆ ಹಾಗೆ ಹಳಿಯಲು ಬಾಯಿ ಬಾರದು. ತೊಂಬತ್ತು ಸಾವಿರ ಜನರನ್ನು ಕೂಡಿಸಬಲ್ಲವಳು ತನ್ನ ಹೆಸರಿನ ಮೇಲೆ ತಾನೂ ನಾಲ್ಕು ಕಾಸು ಸಂಪಾದಿಸಿದರೆ ತಪ್ಪೇನು? ಆದರೆ ಮನೆಯ ಹುಡುಗಿಯೆಂದುಕೊಂಡವಳು ಮರುವರ್ಷ ಎದುರಾಳಿಯ ಅಂಗಿ ತೊಟ್ಟು ಬಂದಾಗ ಆಗುವ ನೋವನ್ನು ಸುಳ್ಳೆನ್ನಲೂ ಆಗದು.

ಮರಳಿ ಬರುವವರೂ ಉಂಟು. ಹೂಪರ್ ಎಂಬ ಪುಟ್ಟ ಊರಿನ ಜೋರ್ಡನ್ ಲಾರ್ಸನ್ 2006ರ ವಿಜಯೀ ತಂಡದಲ್ಲಿದ್ದಾಕೆ. ಮುಂದೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ನಾಲ್ಕು ಪದಕ ಗಳಿಸಿದಳು; ಟೋಕಿಯೊದ ಚಿನ್ನದ ಕೊನೆಯ ಅಂಕ ಆಕೆಯ ಕೈಯದೇ. ಅದೇ 2006ರ ತಂಡದ ಲಿಬೆರೊ, ನೆಬ್ರಾಸ್ಕದ ಹಳ್ಳಿಗಾಡಿನಲ್ಲೇ ಬೆಳೆದ ಡ್ಯಾನಿ ಬಸ್‌ಬೂಮ್ ಕೆಲ್ಲಿ, 2025ರ ಜನವರಿಯಲ್ಲಿ ಜಾನ್ ಕುಕ್ ನಿವೃತ್ತರಾದಾಗ ತರಬೇತುದಾರಳಾಗಿ ಹಿಂದಿರುಗಿದಳು.

ಅವಳು ಬಂದುದು ಸೋಲಿನ ಗಾಯ ಇನ್ನೂ ಹಸಿಯಾಗಿದ್ದಾಗ. 2023ರ ಅಂತಿಮ ಪಂದ್ಯದಲ್ಲಿ ಟೆಕ್ಸಸ್ ಮೂರು ನೇರ ಸೆಟ್ಟುಗಳಲ್ಲಿ ಗೆದ್ದಿತ್ತು. 2024ರ ಸೆಮಿಫೈನಲ್‌ನಲ್ಲಿ ಪೆನ್ ಸ್ಟೇಟ್ ವಿರುದ್ಧ ಮೊದಲೆರಡು ಸೆಟ್ಟು ಗೆದ್ದೂ ನೆಬ್ರಾಸ್ಕ ಪಂದ್ಯವನ್ನು ಕಳೆದುಕೊಂಡಿತ್ತು. ಆ ಪೆನ್ ಸ್ಟೇಟ್ ತಂಡದ ತರಬೇತುದಾರಳಾದ ಕೇಟಿ ಶುಮಾಕರ್-ಕಾಲಿ ಆ ಹಂಗಾಮಿನಲ್ಲೇ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಕೆ. ಆಕೆ ಪ್ರಶಸ್ತಿಯನ್ನೂ ಗೆದ್ದಳು. ಈ ಪ್ರಶಸ್ತಿ ಗೆದ್ದ ತಂಡಗಳ ತರಬೇತುದಾರರಲ್ಲಿ ಆಕೆಯೇ ಮೊದಲ ಮಹಿಳೆ. ಹೆಣ್ಣುಮಕ್ಕಳ ಆಟದಲ್ಲಿ ಅದಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತೆಂಬುದನ್ನು ಗೆದ್ದವರೂ ಸೋತವರೂ ಸೇರಿ ಯೋಚಿಸಬಹುದು. 2025ರಲ್ಲಿ ಹೊಸ ತರಬೇತುದಾರಳ ಕೈಕೆಳಗೆ ತಂಡ 33 ಪಂದ್ಯಗಳನ್ನು ಒಂದಾದ ಮೇಲೊಂದರಂತೆ ಗೆದ್ದಿತು. ಡಿಸೆಂಬರಿನಲ್ಲಿ, ಕೊನೆಯ ನಾಲ್ಕರ ಸುತ್ತಿಗೆ ಒಂದೇ ಮೆಟ್ಟಿಲಿರುವಾಗ, ಲಿಂಕನ್ನಿನ ತನ್ನದೇ ಅಂಕಣದಲ್ಲಿ ಟೆಕ್ಸಸ್ ಎ ಅಂಡ್ ಎಂ ತಂಡಕ್ಕೆ ಐದನೆಯ ಸೆಟ್ಟಿನಲ್ಲಿ ಸೋತಿತು. ಪ್ರಶಸ್ತಿಯೂ ಆ ತಂಡಕ್ಕೇ ಹೋಯಿತು.

ಇಂಥ ರಾತ್ರಿಗಳ ಮರುದಿನ ಹತ್ತೊಂಬತ್ತರ ಹುಡುಗಿಯನ್ನು ಹೆಸರು ಹಿಡಿದು ಜರೆಯುವ ಅಭಿಮಾನಿಗಳು ಎಲ್ಲೆಲ್ಲೂ ಉಂಟು, ಅವರ ವಿಷಯ ಬೇಡ. ಸೋತ ತಂಡದ ಕೊನೆಯ ವರ್ಷದ ಹುಡುಗಿಯರಿಗೆ ಅದೇ ಕಡೆಯ ಆಟ. ಮುಂದಿನ ಹಂಗಾಮು ಎಂಬ ಸಮಾಧಾನ ಪ್ರೇಕ್ಷಕನಿಗಿದೆಯೇ ಹೊರತು ಅವರಿಗಿಲ್ಲ. ಮನೆಗೆ ಮರಳುವವರಲ್ಲಿ ಹಳಬರಿಗೆ ಇದು ಗೊತ್ತು.

ಚಳಿ ಕಳೆದು ಮೇ ತಿಂಗಳಲ್ಲಿ ಮತ್ತೆ ಜೋಳ ಬಿತ್ತುತ್ತಾರೆ. ಆಗಸ್ಟಿನಲ್ಲಿ, ಎದುರಾಳಿಗಳು ಬರುವ ಮುನ್ನ, ತಂಡ ತನ್ನಲ್ಲೇ ಎರಡಾಗಿ, ಅರ್ಧ ಕೆಂಪು ಅರ್ಧ ಬಿಳಿ ಅಂಗಿ ತೊಟ್ಟು, ಒಂದು ಅಭ್ಯಾಸ ಪಂದ್ಯವಾಡುತ್ತದೆ. ಯಾರು ಗೆದ್ದರೂ ಲೆಕ್ಕಕ್ಕಿಲ್ಲ. ಅದಕ್ಕೂ ಜನ ಹಣ ಕೊಟ್ಟು ಬಂದು ಕೂಡುತ್ತಾರೆ. ಹೊಸದಾಗಿ ಸೇರಿದ ಹುಡುಗಿಯ ಮೊದಲ ಸ್ಪರ್ಶ ಹೇಗಿದೆಯೆಂದು ನೋಡಬೇಕಲ್ಲ.