ದೂಳು ಮೊದಲು, ಕ್ಷಯ ಆಮೇಲೆ

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಒತ್ತಡದ ಗಾಳಿಯಿಂದ ನಡೆಯುವ ಡ್ರಿಲ್‌ಗಳು ಆ ಕಲ್ಲನ್ನು ಕೊರೆದಾಗ ಎದ್ದ ದೂಳು ಗಣಿಯ ಕತ್ತಲಲ್ಲೇ ಸುತ್ತುತ್ತಿತ್ತು. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಕಣಗಳಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್. 1934ರಲ್ಲಿ ದೇಶದ ಮೊದಲ ಸಿಲಿಕೋಸಿಸ್ ವರದಿ ಬಂದದ್ದು ಅಲ್ಲಿಂದಲೇ. 1940ರಲ್ಲಿ ಮೈಸೂರು ಸಂಸ್ಥಾನ ಈ ಕಾಯಿಲೆಗೆ ಪರಿಹಾರದ ನಿಯಮ ಮಾಡಿತು. ಆ ದಶಕದಲ್ಲಿ ತಪಾಸಣೆಗೆ ಒಳಗಾದ 7,653 ಕಾರ್ಮಿಕರಲ್ಲಿ 3,402 ಮಂದಿಗೆ ರೋಗ ಕಂಡಿತು. ಲೆಕ್ಕ ಸಿಕ್ಕಿದ್ದಕ್ಕೆ ಕಾರಣ ಸರಳ: ಕಂಪನಿಗೆ ಹಾಜರಿ ಪುಸ್ತಕವಿತ್ತು, ಆಸ್ಪತ್ರೆಯಿತ್ತು.

ಕ್ಷಯ ಇಲ್ಲಿ ಎರಡನೆಯ ಅತಿಥಿ. ಶ್ವಾಸಕೋಶದ ಕಾವಲು ಜೀವಕೋಶಗಳು ಒಳಬಂದ ರೋಗಾಣುವನ್ನು ನುಂಗಿ ಹತೋಟಿಯಲ್ಲಿಡುತ್ತವೆ. ಸಿಲಿಕಾ ಕಣವನ್ನು ನುಂಗಿದರೆ ಸಾಯುವುದು ಅವೇ. ಆ ಜಾಗ ಗಂಟುಗಟ್ಟಿ ಗಡುಸಾಗುತ್ತದೆ, ಮೈಯಲ್ಲಿ ಸುಮ್ಮನಿದ್ದ ಕ್ಷಯದ ರೋಗಾಣು ತಲೆಯೆತ್ತುತ್ತದೆ. ಕೆಲಸ ಬಿಟ್ಟು ವರ್ಷಗಳಾದರೂ ಅಪಾಯ ತಪ್ಪದು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಎರಡೂ ಎಷ್ಟು ಬೆರೆತಿದ್ದವೆಂದರೆ 'ಗಣಿಗಾರರ ಕ್ಷಯ' ಎಂಬ ಒಂದೇ ಹೆಸರು ಚಾಲ್ತಿಯಲ್ಲಿತ್ತು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ದೂಳು ಮಾತ್ರ ಊರೂರಿಗೆ ಹಂಚಿಹೋಯಿತು. ಹೊಳೆಮರಳಿಗೆ ಕಡಿವಾಣ ಬಿದ್ದು ಎಂ–ಸ್ಯಾಂಡ್ ಬಂದ ಮೇಲೆ ಕಲ್ಲನ್ನು ಪುಡಿ ಮಾಡುವುದೇ ಕಸುಬಾಯಿತು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಜಗಳೂರಿನ ಕಡೆಯಾಗಲಿ, ತುಂಗಭದ್ರೆಯ ದಡದ ಹೊನ್ನಾಳಿ, ಅದರಿಂದ ಬೇರೆಯಾದ ನ್ಯಾಮತಿಯಾಗಲಿ, ಕ್ವಾರಿ, ಕ್ರಷರ್‌ಗಳಲ್ಲಿ ದುಡಿಯುವವರಿಗೆ ಇರುವ ರಕ್ಷಣೆ ಹೆಚ್ಚಾಗಿ ಮೂಗಿಗೆ ಸುತ್ತಿದ ಟವೆಲ್. ಕಣ್ಣಿಗೆ ಕಾಣುವ ದೂಳನ್ನು ಅದು ತಡೆದೀತು. ಶ್ವಾಸಕೋಶದ ಆಳಕ್ಕಿಳಿಯುವುದು ಕಣ್ಣಿಗೆ ಕಾಣದ ಕಣ. ಕಲ್ಲು ಬೀಳುವಲ್ಲೇ ನೀರು ಸಿಂಪಡಿಸಿದರೆ ದೂಳು ಏಳುವುದೇ ಕಡಿಮೆ, ಆದರೆ ಜಗಳೂರಿನಂಥ ಬರದ ಸೀಮೆಯಲ್ಲಿ ನೀರಿಗೇ ಪರದಾಟ.

ಕೆಮ್ಮು ಹೆಚ್ಚಾದರೆ ಕಫ ಪರೀಕ್ಷೆ, ಎಕ್ಸ್-ರೇ. ಚಿತ್ರದಲ್ಲಿ ಎರಡೂ ರೋಗದ ಚುಕ್ಕೆಗಳು ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲೇ ಮೂಡುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಆರು ತಿಂಗಳು ಮಾತ್ರೆ ನುಂಗಿ ಕ್ಷಯ ವಾಸಿಯಾದವನು ಮತ್ತೆ ಅದೇ ಕ್ರಷರ್‌ಗೆ ಹೋಗುತ್ತಾನೆ, ಗಂಟುಗಳು ಹಾಗೇ ಉಳಿಯುತ್ತವೆ. ರೋಗಿಗೆ 'ನಿನ್ನ ಕಸುಬೇನು' ಎಂದು ಕೇಳಿ ಎಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲೇ ಬರೆದಿದ್ದ. ಗಡಿಬಿಡಿಯ ಓಪಿಡಿಯಲ್ಲಿ ಈ ಪ್ರಶ್ನೆಗೆ ಅರ್ಧ ನಿಮಿಷ ಸಾಕು ಎಂದೇ ನನಗನಿಸುತ್ತದೆ.

ಕಾನೂನಿನ ಪ್ರಕಾರ ಸಿಲಿಕೋಸಿಸ್ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಅದು ಇದ್ದವರನ್ನು ಪರೀಕ್ಷಿಸಿ, ಕ್ಷಯ ಬರುವ ಮೊದಲೇ ತಡೆ ಮಾತ್ರೆ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಗೂಲಿಯವನ ಚೀಟಿಯಲ್ಲಿ ಮೊದಲು ಯಾರಾದರೂ ಆ ರೋಗದ ಹೆಸರು ಬರೆಯಬೇಕಲ್ಲ!