ಮೊಡವೆ ಕ್ರೀಮ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಹೇಗೆ? ಫಂಗಸ್‌ಗೂ ಅದೇ ಮದ್ದು ಸಾಕೇ?

ರಾತ್ರಿ ಮೊಡವೆಗೆ ಜೆಲ್ ಹಚ್ಚಿ ಮಲಗಿದ್ದೀರಿ. ಬೆಳಗ್ಗೆ ನೋಡಿದರೆ ದಿಂಬಿನ ಕವರ್ ಅಲ್ಲಲ್ಲಿ ಬಣ್ಣ ಕಳೆದುಕೊಂಡಿದೆ. ಹೀಗಾಗಿದ್ದರೆ ಆ ಜೆಲ್‌ನಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಇರುವ ಸಾಧ್ಯತೆ ಹೆಚ್ಚು. ಬಟ್ಟೆಯ ಬಣ್ಣ ತೆಗೆಯುವ ಆ ಗುಣವೇ ಚರ್ಮದಲ್ಲಿ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಜಿಡ್ಡು ಮತ್ತು ಸತ್ತ ಜೀವಕೋಶಗಳಿಂದ ಚರ್ಮದ ರಂಧ್ರ ಮುಚ್ಚಿಕೊಂಡರೆ ಒಳಗೆ ಆಮ್ಲಜನಕ ಕಡಿಮೆಯಾಗುತ್ತದೆ. ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದೂ ಅದೇ. ಎಲ್ಲರ ಚರ್ಮದಲ್ಲೂ ಇರುವ ಇದು ಅಲ್ಲಿ ಬೆಳೆದು ಉರಿಯೂತ ಹೆಚ್ಚಿಸುತ್ತದೆ. ಬೆಂಜಾಯಿಲ್ ಪೆರಾಕ್ಸೈಡ್ ಚರ್ಮದೊಳಗೆ ಒಡೆದಾಗ ಫ್ರೀ ರ‍್ಯಾಡಿಕಲ್‌ಗಳು ಹೊಮ್ಮುತ್ತವೆ. ಇವು ಬ್ಯಾಕ್ಟೀರಿಯಾದ ಪ್ರೋಟೀನ್‌ಗಳನ್ನು ಸಿಕ್ಕಸಿಕ್ಕಲ್ಲಿ ಹಾಳುಗೆಡವುತ್ತವೆ.

ಆಂಟಿಬಯೋಟಿಕ್ ಆದ ಕ್ಲಿಂಡಮೈಸಿನ್‌ನ ದಾರಿ ಬೇರೆ. ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಆ ಒಂದು ಜಾಗ ತುಸು ಬದಲಾದರೂ ಮದ್ದು ನಾಟುವುದಿಲ್ಲ. ಹಲವೆಡೆ ಏಕಕಾಲಕ್ಕೆ ಏಟು ಕೊಡುವ ಬೆಂಜಾಯಿಲ್ ಪೆರಾಕ್ಸೈಡ್‌ಗೆ ಇಂತಹ ಪ್ರತಿರೋಧ ಕಂಡುಬಂದಿಲ್ಲ. ಚರ್ಮವೈದ್ಯರು ಎರಡನ್ನೂ ಜತೆಯಾಗಿ ಬರೆದುಕೊಡುವುದು ಇದಕ್ಕೇ.

ಆದರೆ ಮೊಡವೆಯಂತೆ ಕಾಣುವುದೆಲ್ಲ ಮೊಡವೆಯಲ್ಲ! ತಲೆಹೊಟ್ಟಿಗೂ ಕಾರಣವಾಗುವ ಮಲಾಸೆಜಿಯಾ ಎಂಬ ಫಂಗಸ್ ಕೂದಲ ಬುಡಕ್ಕಿಳಿದರೆ ಹಣೆ, ಎದೆ, ಬೆನ್ನಿನ ಮೇಲೆ ಹೆಚ್ಚುಕಡಿಮೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳೇಳುತ್ತವೆ. ಜತೆಗೆ ತುರಿಕೆ. ಮುಂಬೈ, ಚೆನ್ನೈನಂತಹ ಸೆಕೆ, ಬೆವರಿನ ಊರುಗಳಲ್ಲಿ ಇದಕ್ಕೆ ಅನುಕೂಲ ಹೆಚ್ಚು. ಆಂಟಿಬಯೋಟಿಕ್‌ಗೆ ಫಂಗಸ್ ಸಾಯುವುದಿಲ್ಲ. ಬದಲಿಗೆ ಪೈಪೋಟಿಗಿದ್ದ ಬ್ಯಾಕ್ಟೀರಿಯಾ ಸತ್ತು ಅದಕ್ಕೇ ಜಾಗ ಸಿಗುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಕೀಟೋಕೊನಜೋಲ್‌ನಂತಹ ಮದ್ದು. ಫಂಗಸ್‌ನ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗದಂತೆ ಅದು ತಡೆಯುತ್ತದೆ. ನಮ್ಮ ಜೀವಕೋಶಗಳ ಪೊರೆಯಲ್ಲಿರುವುದು ಎರ್ಗೋಸ್ಟೆರಾಲ್ ಅಲ್ಲ, ಕೊಲೆಸ್ಟ್ರಾಲ್.

ಯಾವುದೆಂದು ಗೊತ್ತಾಗದೆ ಮೆಡಿಕಲ್ ಶಾಪ್‌ನಲ್ಲಿ ‘ಎಲ್ಲದಕ್ಕೂ ಆಗುವ’ ಕ್ರೀಮ್ ಕೇಳುವುದೇ ದೊಡ್ಡ ಅಪಾಯ. ಅಂತಹ ಟ್ಯೂಬ್‌ಗಳಲ್ಲಿ ಆಂಟಿಬಯೋಟಿಕ್, ಫಂಗಸ್ ಮದ್ದಿನ ಜತೆ ಸ್ಟಿರಾಯ್ಡ್ ಕೂಡ ಸೇರಿರುವುದುಂಟು. ಮೊದಲ ವಾರ ಕೆಂಪು ಇಳಿದು ಮುಖ ಚೆನ್ನಾಗಿಯೇ ಕಾಣುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗುತ್ತದೆ, ಸ್ಟಿರಾಯ್ಡ್‌ನಿಂದಲೇ ಹೊಸ ಮೊಡವೆ ಏಳುತ್ತದೆ.

ಬೆಂಜಾಯಿಲ್ ಪೆರಾಕ್ಸೈಡ್ ಶುರು ಮಾಡುವವರಿಗೆ ಶೇ. 2.5ರ ಜೆಲ್ ಸಾಕು. ಶೇ. 10ರದ್ದು ಹಚ್ಚಿದರೆ ಗುಣಕ್ಕಿಂತ ಉರಿಯೇ ಜಾಸ್ತಿ. ಟ್ಯೂಬನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಬಿಸಿ ಹೆಚ್ಚಾದರೆ ಅದು ಒಡೆದು ಹಾನಿಕಾರಕ ಬೆಂಜೀನ್ ಉಂಟಾಗಬಹುದು. ದಿಂಬಿಗೆ ಬಿಳಿ ಕವರ್ ಹಾಕಿಕೊಳ್ಳಿ.