ಅಪರಾಧ ನಿರ್ಣಯದ ವಿರುದ್ಧ ಮೇಲ್ಮನವಿ: ಸಾರ್ವಜನಿಕರಿಗೆ ಮಾಹಿತಿ

ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಗೆ ಒಳಗಾದ ವ್ಯಕ್ತಿಯು ಆ ತೀರ್ಪನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕನ್ನು ಹೊಂದಿರುತ್ತಾನೆ. ಮೇಟಗಳ್ಳಿ ಹಾಗೂ ಮೈಸೂರು ನಗರದ ಇತರ ಬಡಾವಣೆಗಳ ನಾಗರಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಎಲ್ಲಿ ಸಲ್ಲಿಸಬೇಕು?

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ದಿನಾಂಕ 1-7-2024ರಿಂದ ಜಾರಿಯಲ್ಲಿದೆ. ಅದರ 415ನೇ ಕಲಮಿನ ಪ್ರಕಾರ, ಮೈಸೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯವು ನೀಡಿದ ಶಿಕ್ಷೆಯ ವಿರುದ್ಧ ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯಕ್ಕೂ, ಸೆಷನ್ಸ್ ನ್ಯಾಯಾಲಯವು ನೀಡಿದ ಶಿಕ್ಷೆಯ ವಿರುದ್ಧ ಬೆಂಗಳೂರಿನಲ್ಲಿರುವ ಕರ್ನಾಟಕ ಉಚ್ಚ ನ್ಯಾಯಾಲಯಕ್ಕೂ ಮೇಲ್ಮನವಿ ಸಲ್ಲಿಸತಕ್ಕದ್ದು. ತಪ್ಪೊಪ್ಪಿಕೊಂಡ ಪ್ರಕರಣಗಳಲ್ಲಿ ಮತ್ತು ಅತ್ಯಲ್ಪ ಶಿಕ್ಷೆಯ ಪ್ರಕರಣಗಳಲ್ಲಿ ಈ ಹಕ್ಕಿಗೆ ಮಿತಿಗಳಿವೆ.

ಕಾಲಮಿತಿ

ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ, ಉಚ್ಚ ನ್ಯಾಯಾಲಯಕ್ಕೆ 60 ದಿನ. ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿದ್ದಲ್ಲಿ 30 ದಿನ ಮಾತ್ರ. ತೀರ್ಪಿನ ನಕಲು ಪಡೆಯಲು ತಗುಲಿದ ಅವಧಿಯನ್ನು ಈ ಲೆಕ್ಕದಿಂದ ಬಿಡಲಾಗುವುದು. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದಲ್ಲಿ ಅದನ್ನು ಮನ್ನಿಸುವಂತೆ ಅರ್ಜಿ ಸಲ್ಲಿಸಬಹುದು. ಕಾರಾವಾಸದ ಶಿಕ್ಷೆಯಾದವರಿಗೆ ತೀರ್ಪಿನ ಒಂದು ನಕಲನ್ನು ಉಚಿತವಾಗಿ ಕೊಡತಕ್ಕದ್ದು.

ಸಾಕ್ಷ್ಯ ಕುರಿತ ಆಕ್ಷೇಪಣೆ

ಸ್ವೀಕರಿಸಬಾರದ ಸಾಕ್ಷ್ಯವನ್ನು ಸ್ವೀಕರಿಸಲಾಗಿದೆ ಅಥವಾ ಸ್ವೀಕರಿಸಬೇಕಾದುದನ್ನು ನಿರಾಕರಿಸಲಾಗಿದೆ ಎಂಬುದು ಮೇಲ್ಮನವಿಗೆ ಆಧಾರವಾಗಬಹುದು. ಕರ್ನಾಟಕದ ಸೆಲ್ವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗಾಗಲಿ ಸುಳ್ಳುಪತ್ತೆ ಪರೀಕ್ಷೆಗಾಗಲಿ ಒಳಪಡಿಸುವಂತಿಲ್ಲವೆಂದು ತೀರ್ಪಿತ್ತಿತು.

ಆದರೆ ತಪ್ಪು ನಡೆದಿದೆ ಎಂದಷ್ಟೇ ತೋರಿಸಿದರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 169ನೇ ಕಲಮಿನ ಮೇರೆಗೆ, ಆಕ್ಷೇಪಿತ ಸಾಕ್ಷ್ಯವನ್ನು ಬಿಟ್ಟರೂ ಉಳಿದ ಸಾಕ್ಷ್ಯವು ತೀರ್ಪಿಗೆ ಸಾಕಾಗುವಂತಿದ್ದರೆ ತೀರ್ಪು ಬದಲಾಗುವುದಿಲ್ಲ. ಕಾರ್ಯವಿಧಾನದ ಲೋಪವಾದಲ್ಲಿ ಅದರಿಂದ ನ್ಯಾಯಕ್ಕೆ ಚ್ಯುತಿಯಾಯಿತೇ, ಆಕ್ಷೇಪಣೆಯನ್ನು ಮೊದಲೇ ಎತ್ತಬಹುದಾಗಿತ್ತೇ ಎಂಬುದನ್ನೂ ನ್ಯಾಯಾಲಯವು ಪರಿಶೀಲಿಸುತ್ತದೆ. ಆದುದರಿಂದ ಆಕ್ಷೇಪಣೆಯನ್ನು ವಿಚಾರಣೆಯ ಕಾಲದಲ್ಲಿಯೇ ದಾಖಲಿಸುವಂತೆ ವಕೀಲರನ್ನು ಕೋರುವುದು ಅತ್ಯಗತ್ಯ.

ಜ್ಯೂರಿ ಪದ್ಧತಿ ಇದೆಯೇ?

ಇಲ್ಲ. ಮುಂಬಯಿಯ ನಾನಾವತಿ ಪ್ರಕರಣದಲ್ಲಿ ಜ್ಯೂರಿಯು 1959ರಲ್ಲಿ ನೀಡಿದ ಅಭಿಪ್ರಾಯವನ್ನು ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉಚ್ಚ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯು ಜ್ಯೂರಿ ವಿಚಾರಣೆಗೆ ಅವಕಾಶ ಉಳಿಸಲಿಲ್ಲ. ಆದ್ದರಿಂದ ಜ್ಯೂರಿಯ ಆಯ್ಕೆಯನ್ನು ಪ್ರಶ್ನಿಸುವ ಸಂದರ್ಭ ಇಲ್ಲಿ ಒದಗುವುದಿಲ್ಲ. ನಿಷ್ಪಕ್ಷಪಾತ ವಿಚಾರಣೆ ದೊರೆಯಲಾರದೆಂಬ ಸಕಾರಣ ಆತಂಕವಿದ್ದಲ್ಲಿ, ಪ್ರಕರಣವನ್ನು ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸುವಂತೆ 447ನೇ ಕಲಮಿನಡಿ ಉಚ್ಚ ನ್ಯಾಯಾಲಯವನ್ನು ಕೋರಬಹುದು. ತೀರ್ಪು ಬರುವವರೆಗೆ ಕಾಯದೆ ಈ ಅರ್ಜಿಯನ್ನು ಸಲ್ಲಿಸತಕ್ಕದ್ದು.

ಜಾಮೀನು

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. 430ನೇ ಕಲಮಿನಡಿ ಶಿಕ್ಷೆಯ ಅಮಾನತು ಹಾಗೂ ಜಾಮೀನಿಗೆ ಪ್ರತ್ಯೇಕವಾಗಿ ಕೋರಬೇಕು. ಮೊದಲೇ ಜಾಮೀನಿನ ಮೇಲಿದ್ದು, ಮೂರು ವರ್ಷಗಳಿಗೆ ಮೀರದ ಶಿಕ್ಷೆಯಾದವರು, ಮೇಲ್ಮನವಿ ಸಲ್ಲಿಸುವ ಉದ್ದೇಶವನ್ನು ಶಿಕ್ಷೆ ವಿಧಿಸಿದ ನ್ಯಾಯಾಲಯಕ್ಕೇ ತಿಳಿಸಿ ತಾತ್ಕಾಲಿಕ ಬಿಡುಗಡೆಯನ್ನು ಕೋರಬಹುದು.

ಉಚಿತ ಕಾನೂನು ನೆರವು

ಕಾರಾಗೃಹದಲ್ಲಿರುವವರು ತಮ್ಮ ಮೇಲ್ಮನವಿಯನ್ನು ಕಾರಾಗೃಹದ ಅಧಿಕಾರಿಯ ಮುಖಾಂತರವೇ ಸಲ್ಲಿಸಬಹುದು. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ವಕೀಲರನ್ನು ಪಡೆಯಲು ಅರ್ಹರು. ಮೈಸೂರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು. ಹಣವಿಲ್ಲವೆಂಬ ಕಾರಣಕ್ಕೆ ಕಾಲಮಿತಿ ಮೀರಲು ಬಿಡಬಾರದಾಗಿ ಕೋರಲಾಗಿದೆ.